ಮನೆ ತುಂಬಿ ಹೋಗಿದ್ದರೆ ಮಳೆ ಹಿಡಿಯುವ ಮೊದಲು ಹೀಗೆ ಶುರು ಮಾಡಿ

ಮನೆಯಲ್ಲಿ ಸಾಮಾನು ಜಾಸ್ತಿ ಆಗಿದೆ, ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ ಅನ್ನುವವರಿಗೆ ನನ್ನ ಮೊದಲ ಮಾತು ಒಂದೇ. ಯಾವ ಕಪಾಟನ್ನೂ ಇವತ್ತೇ ತೆಗೆಯಬೇಡಿ. ಮೊದಲು ಸಾಮಾನು ಹೊರಗೆ ಹೋಗುವ ದಾರಿ ಗೊತ್ತು ಮಾಡಿಕೊಳ್ಳಿ. ಗುಜರಿಯವರು ನಿಮ್ಮ ಊರಿಗೆ ಯಾವಾಗ ಬರುತ್ತಾರೆ? ಕಸದ ಗಾಡಿಯವರು ಏನು ಒಯ್ಯುತ್ತಾರೆ, ಏನು ಬೇಡ ಅನ್ನುತ್ತಾರೆ? ಹಳೇ ಬಟ್ಟೆ ಯಾರಿಗೆ ಬೇಕು? ದೊಡ್ಡ ಪಾತ್ರೆ ಊರಿನಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರುತ್ತದಾ? ನಾಲ್ಕು ಫೋನ್ ಮಾಡಿದರೆ ಇದೆಲ್ಲ ಗೊತ್ತಾಗುತ್ತದೆ. ಇದು ಗೊತ್ತಿಲ್ಲದೆ ಕೈ ಹಾಕಿದರೆ ಅಟ್ಟದಿಂದ ಇಳಿದ ಸಾಮಾನು ಜಗಲಿಯಲ್ಲಿ ಎಂಟು ದಿನ ಕೂತಿರುತ್ತದೆ, ಆಮೇಲೆ ಯಾರೋ ನೆಂಟರು ಬರುತ್ತಾರೆ ಅಂತ ಗಡಿಬಿಡಿಯಲ್ಲಿ ಹಾಗೇ ಮತ್ತೆ ಅಟ್ಟಕ್ಕೆ ಏರುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಡೆ ಮನೆಗಳು ತುಂಬುವುದಕ್ಕೆ ಜನರ ಆಸೆ ಕಾರಣ ಅಂತ ನನಗೆ ಅನಿಸುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳ ಊರುಗಳಲ್ಲಿ ಮಳೆಗಾಲದಲ್ಲಿ ಪೇಟೆಗೆ ಹೋಗುವುದೇ ಕಷ್ಟ ಇದ್ದ ಕಾಲದಲ್ಲಿ ಒಂದು ಹಗ್ಗದ ತುಂಡನ್ನೂ ಎತ್ತಿಡುವುದು ಬುದ್ಧಿವಂತಿಕೆಯೇ ಆಗಿತ್ತು. ಮನೆಗಳೂ ದೊಡ್ಡವು, ಅಟ್ಟ ಇದೆ, ಕೊಟ್ಟಿಗೆ ಇದೆ, ಕಟ್ಟಿಗೆ ಮನೆ ಇದೆ. ಇಡಲು ಜಾಗ ಇತ್ತು, ಒಯ್ಯುವವರು ಇರಲಿಲ್ಲ. ಹಾಗಾಗಿ ಇಟ್ಟವರ ಮೇಲೆ ಸಿಟ್ಟು ಮಾಡಿಕೊಂಡು ಈ ಕೆಲಸ ಶುರು ಮಾಡಬೇಡಿ.

ಯಾವಾಗ ಮಾಡಬೇಕು

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಂದು ಕಾಲ ಇದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು, ಕೆಲವು ಕಡೆ ಅದಕ್ಕೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ಏನನ್ನೂ ಬಿಸಿಲಿಗೆ ಹಾಕುವ ಹಾಗಿಲ್ಲ, ಅಂಗಳದಲ್ಲಿ ಹರಡುವ ಹಾಗಿಲ್ಲ. ಒದ್ದೆಯಾದ ರದ್ದಿಯನ್ನು ಗುಜರಿಯವರೂ ಮುಟ್ಟುವುದಿಲ್ಲ. ಮೂಲೆಯಲ್ಲಿ ಒತ್ತೊತ್ತಾಗಿ ಇಟ್ಟ ಸಾಮಾನಿಗೆ ಗಾಳಿ ಆಡದೆ ಬೂಸ್ಟು ಹಿಡಿಯುವುದು, ಒರಲೆ ಹತ್ತುವುದು, ಇಲಿ ಸೇರಿಕೊಳ್ಳುವುದು ಎಲ್ಲ ಆಗಲೇ.

ಅಡಿಕೆ ತೋಟದ ಮನೆಯವರಿಗೆ ಕೊನೆ (ಅಡಿಕೆ ಗೊನೆ) ಕೊಯ್ಲು, ಸುಲಿಯುವುದು, ಒಣಗಿಸುವುದು ಮುಗಿಯುವ ತನಕ ಅಂಗಳವೂ ಇಲ್ಲ, ಕೈಯೂ ಬಿಡುವಿಲ್ಲ. ಅಡಿಕೆ ಅಂಗಳದಿಂದ ಎದ್ದ ಮೇಲೆ, ಏಪ್ರಿಲ್ ಮತ್ತು ಮೇ ಮೊದಲ ಭಾಗ ಸರಿಯಾದ ಸಮಯ. ಸಮುದ್ರದ ಬದಿಯಲ್ಲಿ ಮೀನುಗಾರಿಕೆ ಮಾಡುವ ಮನೆಗಳ ಲೆಕ್ಕವೂ ಹತ್ತಿರ ಹತ್ತಿರ ಇದೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆ 61 ದಿನ ಬಲೆ, ಹಗ್ಗ, ತೇಲುಗುಂಡು ಎಲ್ಲ ದಡಕ್ಕೆ, ಮನೆಗೆ ಬರುತ್ತವೆ. ಅವು ಬರುವ ಮೊದಲು ಜಾಗ ಆಗಿರಬೇಕು. ಕಾರವಾರ ಪೇಟೆಯ ಫ್ಲಾಟಿನಲ್ಲಿ ಇರುವವರು ಯಾವ ಭಾನುವಾರ ಬೇಕಾದರೂ ಶುರು ಮಾಡಬಹುದು, ಆದರೆ ಮಳೆ ಬಂದ ಮೇಲೆ ಬೇಡ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದಲ್ಲ, ಆಗ ನೆಂಟರು ಬರುತ್ತಾರೆ ಅಂತ ಮನೆ ಮನೆಯಲ್ಲೂ ಸ್ವಚ್ಛತೆ ನಡೆಯುತ್ತದೆ. ಆದರೆ ಆ ಸ್ವಚ್ಛತೆಯಲ್ಲಿ ಸಾಮಾನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದೇ ಜಾಸ್ತಿ. ಮನೆಯಿಂದ ಹೊರಗೆ ಹೋಗುವುದು ಕಡಿಮೆ. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲ ದಿನ: ಕೊಟ್ಟೆ ಮತ್ತು ಡಬ್ಬಿ

ಯಾರೂ ಜಗಳ ತೆಗೆಯದ ಜಾಗದಿಂದ ಶುರು ಮಾಡಿ. ನಮ್ಮ ಮನೆಗಳಲ್ಲಿ ಅಂಥ ಜಾಗ ಅಂದರೆ ಅಡಿಗೆಮನೆ ಬಾಗಿಲ ಹಿಂದೆ ನೇತು ಹಾಕಿರುವ, ಕೊಟ್ಟೆಗಳನ್ನೇ, ಅಂದರೆ ಚೀಲಗಳನ್ನೇ, ತುಂಬಿಟ್ಟ ಕೊಟ್ಟೆ. ಅಂಗಡಿಯಿಂದ ಬಂದ ಪ್ರತಿ ಪ್ಲಾಸ್ಟಿಕ್ ಕೊಟ್ಟೆಯನ್ನೂ ಅಲ್ಲಿ ತುರುಕಿರುತ್ತೇವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂತು, ಆದರೂ ನಮ್ಮ ಬಾಗಿಲ ಹಿಂದಿನ ರಾಶಿ ಕರಗಿಲ್ಲ. ಗಟ್ಟಿಯಾದವು ಹತ್ತು ಇಟ್ಟುಕೊಳ್ಳಿ, ಉಳಿದದ್ದನ್ನು ಒಣಗಿಸಿ, ಒಂದರೊಳಗೆ ಒಂದು ಮಡಚಿ ಒಣಕಸಕ್ಕೆ ಕೊಡಿ. ಅರ್ಧ ಗಂಟೆಯ ಕೆಲಸ.

ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನೀರು ಕಾಯಿಸುವ ಒಲೆ ಇರುವ ಮನೆಗಳಲ್ಲಿ ಪ್ಲಾಸ್ಟಿಕ್ ಹೋಗುವ ದಾರಿ ಹೆಚ್ಚಾಗಿ ಅದೇ. ಅದರ ಹೊಗೆ ವಿಷ. ಪಿವಿಸಿ ಪೈಪಿನ ತುಂಡು, ವೈರಿನ ಸಿಪ್ಪೆ, ರೆಕ್ಸಿನ್ ಸುಟ್ಟರೆ ಡೈಆಕ್ಸಿನ್ ಹುಟ್ಟುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಒಲೆಯ ಬೂದಿಯನ್ನು ನಾವು ತೋಟಕ್ಕೆ, ತರಕಾರಿ ಗಿಡಕ್ಕೆ ಹಾಕುವವರು, ಅದನ್ನೂ ಯೋಚಿಸಿ. ಈಗ ಬಹಳ ಪಂಚಾಯತಿಗಳಲ್ಲಿ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿ ಓಡುತ್ತಿದೆ. ನಿಮ್ಮ ಮನೆ ರಸ್ತೆಯಿಂದ ಒಳಗಿದ್ದರೆ, ಒಣಕಸವನ್ನು ಗೋಣಿಚೀಲದಲ್ಲಿ ತುಂಬಿಟ್ಟು ತಿಂಗಳಿಗೊಮ್ಮೆ ಗಾಡಿ ಬರುವ ಜಾಗಕ್ಕೆ ಒಯ್ದರೂ ಸಾಕು, ಪ್ಲಾಸ್ಟಿಕ್ ಒಣಗಿದ್ದರೆ ಕೊಳೆಯುವುದಿಲ್ಲ.

ಎರಡನೆಯದು ಡಬ್ಬಿಗಳು. ಸ್ವೀಟ್ ಅಂಗಡಿಯ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ಎಣ್ಣೆ ಕ್ಯಾನು, ಹಾರ್ಲಿಕ್ಸ್ ಬಾಟಲಿ. ಎಲ್ಲ ಡಬ್ಬಿಯನ್ನೂ ನೆಲಕ್ಕೆ ಇಳಿಸಿ ಪ್ರತಿಯೊಂದಕ್ಕೂ ಅದರ ಮುಚ್ಚಳ ಹಾಕಿ. ಜೊತೆ ಸಿಗದ ಡಬ್ಬಿ, ಜೊತೆ ಸಿಗದ ಮುಚ್ಚಳ ಎರಡೂ ಹೋಗಲಿ. ಉಳಿದವುಗಳಲ್ಲಿ ಅರ್ಧ ಇಟ್ಟುಕೊಳ್ಳಿ. ಮದುವೆ, ಮುಂಜಿಯಲ್ಲಿ ಬಂದ ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳನ್ನು ಮೊದಲ ದಿನ ಮುಟ್ಟಬೇಡಿ. ಅದರ ಮೇಲೆ ಯಾರದೋ ಹೆಸರು ಇರುತ್ತದೆ, ನೆನಪು ಶುರುವಾಗುತ್ತದೆ, ಮಾತು ಬೆಳೆಯುತ್ತದೆ, ಕೆಲಸ ನಿಲ್ಲುತ್ತದೆ.

ಹೀಗೆ ಸಣ್ಣದರಿಂದ ಶುರು ಮಾಡಿ ಅನ್ನುವುದಕ್ಕೆ ಕಾರಣ ಇದೆ. ಇಡೀ ಮನೆಯನ್ನು ಒಂದೇ ವಾರದಲ್ಲಿ ಮುಗಿಸುತ್ತೇನೆ ಅಂತ ಹೊರಟವರು ಎರಡನೇ ದಿನಕ್ಕೆ ಬೆನ್ನು ಹಿಡಿದು ಮಲಗುತ್ತಾರೆ. ಒಂದು ಸಲಕ್ಕೆ ಒಂದೇ ಕಪಾಟಿನ ಒಂದೇ ಅರೆ ಸಾಕು. ಆದರೆ ಅವತ್ತು ತೆಗೆದದ್ದು ಅವತ್ತೇ ಮನೆಯ ಹೊಸ್ತಿಲು ದಾಟಬೇಕು, ಕಡೇಪಕ್ಷ ಗೋಣಿಚೀಲದಲ್ಲಿ ಬಾಯಿ ಕಟ್ಟಿ ಹೊರಗಿನ ಕಟ್ಟೆಯ ಮೇಲೆ ಕೂರಬೇಕು.

ಉಗ್ರಾಣ

ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ ಎಲ್ಲ ಬೇಸಿಗೆಯಲ್ಲೇ ಆಗುವುದು. ಹೊಸದಕ್ಕೆ ಜಾಗ ಬೇಕಾದ ಹೊತ್ತಿಗೆ ಹಳೆಯದು ಅಲ್ಲೇ ಕೂತಿರುತ್ತದೆ. ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಭರಣಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಉಪ್ಪು ಸರಿಯಾಗಿ ಹಿಡಿದ ಮಿಡಿ ವರ್ಷಗಟ್ಟಲೆ ಇರುತ್ತದೆ, ಅದನ್ನು ಎಸೆಯಿರಿ ಅಂತ ನಾನು ಹೇಳುವುದಿಲ್ಲ. ಆದರೆ ಮೇಲೆ ಬೂಸ್ಟು ಕಟ್ಟಿದ್ದು, ಮಿಡಿ ಮೆತ್ತಗಾಗಿ ವಾಸನೆ ತಿರುಗಿದ್ದು ಹೋಗಲಿ. ಬೂಸ್ಟು ಮೇಲಿಂದ ತೆಗೆದು ಕೆಳಗಿನದ್ದು ತಿನ್ನುವುದು ಒಳ್ಳೆಯದಲ್ಲ, ಅದರ ಬೇರು ಕಣ್ಣಿಗೆ ಕಾಣದೆ ಒಳಗೆ ಇಳಿದಿರುತ್ತದೆ. ಹುಳ ಹಿಡಿದ ಕಾಳು, ಎಣ್ಣೆ ಕಮಟು ವಾಸನೆ ಬಂದ ಹಪ್ಪಳ, ತಾರೀಕು ಕಳೆದ ಮಸಾಲೆ ಪುಡಿಗಳು ಗೊಬ್ಬರದ ಗುಂಡಿಗೆ. ಖಾಲಿಯಾದ ಭರಣಿಯನ್ನು ತೊಳೆದು ಒಂದೆರಡು ದಿನ ಬಿಸಿಲಿಗೆ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ ಎತ್ತಿಡಿ. ನಾಲ್ಕು ಜನ ತಿನ್ನುವ ಮನೆಗೆ ಹನ್ನೆರಡು ಭರಣಿ ಬೇಕಾಗುವುದಿಲ್ಲ, ಹೊಸದಾಗಿ ಸಂಸಾರ ಹೂಡಿದ ಯಾರಾದರೂ ಇದ್ದರೆ ಎರಡು ಕೊಡಿ. ಚೀನಿ ಮಣ್ಣಿನ ಹಳೇ ಗಟ್ಟಿ ಭರಣಿ ಸಿಕ್ಕರೆ ಯಾರೂ ಬೇಡ ಅನ್ನುವುದಿಲ್ಲ.

ಅಟ್ಟ

ಅಟ್ಟಕ್ಕೆ ಹತ್ತುವ ಮೊದಲು ಕಾಲಿಗೆ ಶೂ, ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ. ಇಲಿಯ ಹಿಕ್ಕೆ, ಮೂತ್ರ ಇರುವ ಕಡೆ ಒಣ ಕಸಬರಿಗೆ ಆಡಿಸಬೇಡಿ, ಮೊದಲು ಫಿನಾಯಿಲ್ ನೀರು ಚಿಮುಕಿಸಿ ಒರೆಸಿ. ಇಲಿ ಜ್ವರ ಇಲಿಯ ಮೂತ್ರದಿಂದ ಬರುವ ಕಾಯಿಲೆ, ಕೈಕಾಲಿಗೆ ಗಾಯ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ. ಕಟ್ಟಿಗೆ ಮನೆ, ಕೊಟ್ಟಿಗೆಯ ಮೂಲೆ, ಹಳೇ ಹೆಂಚಿನ ರಾಶಿ ಇದ್ದಲ್ಲಿ ಕೈಯನ್ನು ನೇರ ಹಾಕಬೇಡಿ, ಉದ್ದ ಕೋಲಿನಿಂದ ಕದಲಿಸಿ, ಸ್ವಲ್ಪ ಹೊತ್ತು ಬಿಡಿ. ಚೇಳು, ಜರಿ, ಹಾವು ಇರುವುದೇ ಅಲ್ಲಿ.

ಅಟ್ಟದಿಂದ ಇಳಿದದ್ದನ್ನು ಅಂಗಳದಲ್ಲಿ ಬೇರೆ ಬೇರೆ ಗುಂಪು ಮಾಡಿ. ಲೋಹವೆಲ್ಲ ಒಂದು ಕಡೆ, ಮರ ಒಂದು ಕಡೆ, ಕಾಗದ ಒಂದು ಕಡೆ, ಏನು ಅಂತಲೇ ಗೊತ್ತಾಗದ್ದು ಇನ್ನೊಂದು ಕಡೆ. ಲೋಹದಲ್ಲೂ ತಾಮ್ರ, ಕಂಚು, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ಮಾಡಲೇಬೇಕು. ಗುಜರಿಯಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ಅಜಗಜಾಂತರ, ಎಲ್ಲ ಕಲಸಿ ಒಂದೇ ತೂಕ ಹಾಕಿಸಿದರೆ ನಷ್ಟ ನಿಮಗೇ. ಕಂಚು ಮತ್ತು ಹಿತ್ತಾಳೆ ಧೂಳು ಹಿಡಿದಾಗ ಒಂದೇ ಥರ ಕಾಣುತ್ತವೆ. ಹುಣಸೆಹಣ್ಣು ಹಾಕಿ ತಿಕ್ಕಿ, ಬಡಿದು ನೋಡಿ, ಕಂಚು ಘಂಟೆಯ ಹಾಗೆ ಉದ್ದಕ್ಕೆ ಸದ್ದು ಕೊಡುತ್ತದೆ, ಹಿತ್ತಾಳೆಯ ಸದ್ದು ಬೇಗ ಸಾಯುತ್ತದೆ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ, ಕಂಚಿಗೇ ಬೆಲೆ ಜಾಸ್ತಿ. ಅಜ್ಜನ ಕಾಲದ ಕಂಚಿನ ಬಟ್ಟಲನ್ನು ಹಿತ್ತಾಳೆ ದರದಲ್ಲಿ ತೂಗಿಸಬೇಡಿ. ನನ್ನನ್ನು ಕೇಳಿದರೆ ತೂಗಿಸಲೇಬೇಡಿ, ಅದರಲ್ಲೇ ದಿನಾ ಊಟ ಮಾಡಿ. ಬಳಸಲು ಶುರು ಮಾಡುವುದೂ ಅಟ್ಟ ಹಗುರ ಮಾಡುವ ಒಂದು ದಾರಿ.

ದೊಡ್ಡ ಕಡಾಯಿ, ಕೊಪ್ಪರಿಗೆ, ಹಂಡೆಗಳ ವಿಷಯ ಬೇರೆ. ಮೊದಲೆಲ್ಲ ಮದುವೆ, ಮುಂಜಿ, ತಿಥಿ ಎಲ್ಲ ಮನೆಯಂಗಳದಲ್ಲೇ ಆಗುತ್ತಿತ್ತು. ಈಗ ಅಡಿಗೆಯವರು ತಮ್ಮ ಪಾತ್ರೆ ತಾವೇ ತರುತ್ತಾರೆ, ಕಲ್ಯಾಣ ಮಂಟಪದಲ್ಲಿ ಎಲ್ಲ ಇರುತ್ತದೆ. ಹತ್ತು ವರ್ಷದಿಂದ ಇಳಿಸದ ಕೊಪ್ಪರಿಗೆಯನ್ನು ಊರಿನ ದೇವಸ್ಥಾನಕ್ಕೆ ಕೇಳಿ ಕೊಡಿ. ವರ್ಷಕ್ಕೊಮ್ಮೆಯಾದರೂ ಊರಿಗೆಲ್ಲ ಅದರಲ್ಲಿ ಪಾಯಸ ಆಗುತ್ತದೆ, ಮುಂದೆ ನಿಮ್ಮ ಮನೆಗೆ ಬೇಕಾದಾಗ ತರಲೂ ಬಹುದು. ಆದರೆ ಮೊದಲು ಕೇಳಿ. ಅವರಲ್ಲೂ ಸಾಕಷ್ಟು ಇದ್ದರೆ, ನಿಮ್ಮ ಅಟ್ಟದ ಭಾರ ದೇವಸ್ಥಾನದ ಅಟ್ಟಕ್ಕೆ ಹೋದ ಹಾಗೆ ಆಗುತ್ತದೆ ಅಷ್ಟೇ.

ಬಟ್ಟೆ

ಬಟ್ಟೆಯಲ್ಲಿ ನಿರ್ಧಾರ ಮಾಡುವುದು ಸುಲಭ. ಎಲ್ಲ ಹೊರಗೆ ಹಾಕಿ, ಹೋದ ದೊಡ್ಡಹಬ್ಬದಿಂದ, ಅಂದರೆ ದೀಪಾವಳಿಯಿಂದ, ಈಚೆಗೆ ಒಂದು ಸಲವೂ ಉಡದ್ದನ್ನು ಪಕ್ಕಕ್ಕೆ ಇಡಿ. ಚೆನ್ನಾಗಿರುವುದು ಕೊಡಲು, ಹರಿದ ಹತ್ತಿ ಬಟ್ಟೆ ಒರೆಸಲು. ಕೊಡುವ ಬಟ್ಟೆ ತೊಳೆದು, ಗುಂಡಿ ಹಾಕಿ, ಮಡಚಿ ಕೊಡಿ. ನಾವು ಮುಟ್ಟಲು ಹಿಂಜರಿಯುವ ಬಟ್ಟೆಯನ್ನು ಇನ್ನೊಬ್ಬರಿಗೆ ಕೊಡುವುದು ಸರಿಯಲ್ಲ.

ಹಳೇ ಹತ್ತಿ ಸೀರೆಗಳಿಗೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ದಾರಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಬರುವ ಕೌದಿಗಳು ಈಗ ದೂರದ ಊರುಗಳಲ್ಲೂ ಹೆಸರಾಗಿವೆ. ಆ ಕಡೆ ಪರಿಚಯದವರು ಇದ್ದರೆ ಕೇಳಿ, ಸೀರೆ ನೀವು ಕೊಟ್ಟು, ಹೊಲಿಗೆಯ ಮಜೂರಿಯನ್ನು ಸರಿಯಾಗಿ ಕೊಟ್ಟು, ಆಯಿಯ (ಅಮ್ಮನ) ಐದಾರು ಸೀರೆಗಳನ್ನು ಒಂದು ಕೌದಿ ಮಾಡಿಸಬಹುದು. ಟ್ರಂಕಿನಲ್ಲಿ ಇದ್ದು ಒಡೆದು ಹೋಗುವ ಬದಲು ಮೊಮ್ಮಗನ ಮೈ ಮೇಲೆ ಇರುತ್ತದೆ.

ರೇಷ್ಮೆ ಸೀರೆಯ ವಿಷಯದಲ್ಲಿ ಒಂದು ಎಚ್ಚರ. ಹಳೇ ಸೀರೆಗಳ ಜರಿಯಲ್ಲಿ ನಿಜವಾದ ಬೆಳ್ಳಿ ಇರಬಹುದು. ಮನೆ ಬಾಗಿಲಿಗೆ ಬಂದು ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತೇವೆ ಅನ್ನುವವರಿಗೆ ಸುಮ್ನೆ ಕೊಟ್ಟುಬಿಡಬೇಡಿ. ಪೇಟೆಗೆ ಹೋದಾಗ ಜರಿ ಕೊಳ್ಳುವವರ ಹತ್ತಿರ ಒಮ್ಮೆ ತೋರಿಸಿ.

ಕಾಗದ ಪತ್ರ: ಇಲ್ಲಿ ಮಾತ್ರ ಅವಸರ ಬೇಡ

ಬೇರೆ ಜಿಲ್ಲೆಯವರಿಗೆ ಹಳೇ ಕಾಗದ ಸುಡಿ, ಹರಿದು ಹಾಕಿ ಅಂತ ಸಲೀಸಾಗಿ ಹೇಳಬಹುದೇನೋ. ಉತ್ತರ ಕನ್ನಡದವರಿಗೆ ನಾನು ಹಾಗೆ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಭೂಮಿಯ ಕಥೆ ಹಾಗಿದೆ. ಹೆಚ್ಚಿನ ಜಾಗ ಅರಣ್ಯ ಇಲಾಖೆಯದ್ದು, ಅದರ ನಡುವೆ ತಲೆಮಾರುಗಳಿಂದ ಸಾಗುವಳಿ ಮಾಡಿಕೊಂಡು ಬಂದ ಸಾವಿರಾರು ಕುಟುಂಬಗಳು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸ ಇದ್ದದ್ದನ್ನು ತೋರಿಸಬೇಕು. ಅದಕ್ಕೆ ಮನೆ ತೆರಿಗೆ ರಸೀದಿ, ರೇಷನ್ ಕಾರ್ಡ್, ಮತದಾರರ ಚೀಟಿಯಂಥವೂ ಸಾಕ್ಷಿಯಾಗುತ್ತವೆ. ಅಜ್ಜನ ಪೆಟ್ಟಿಗೆಯಲ್ಲಿ ಇರುವ, ಅಂಚು ಹರಿದ, ಓದಲು ಬಾರದ ಮೋಡಿ ಎಂಬ ಹಳೇ ಲಿಪಿಯ ಚೀಟಿಯೂ ಏನು ಅಂತ ತಿಳಿಯುವ ತನಕ ರದ್ದಿಗೆ ಹೋಗಬಾರದು.

ಕರಾವಳಿಯಲ್ಲೂ ಹಾಗೇ. ಕಾರವಾರ, ಅಂಕೋಲಾದಲ್ಲಿ ಸೀಬರ್ಡ್ ನೌಕಾನೆಲೆಗೆ ಭೂಮಿ ಹೋಯಿತು, 1986ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು, ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನಡೆದವು. ಕೊಂಕಣ ರೈಲ್ವೆಗೆ ಜಾಗ ಹೋಯಿತು, ಹೆದ್ದಾರಿ 66 ಅಗಲ ಮಾಡಲು ಹೋಯಿತು. ಇಂಥ ಯಾವುದಕ್ಕೆ ಸೇರಿದ ನೋಟಿಸ್, ಹಣ ಬಂದ ರಸೀದಿ, ವಕೀಲರ ಪತ್ರ ಸಿಕ್ಕರೂ ಎತ್ತಿಡಿ.

ಹಾಗಂತ ಎಲ್ಲ ಕಾಗದವೂ ಬೇಕಿಲ್ಲ. ಜಮೀನು, ಮನೆ, ಸೊಪ್ಪಿನ ಬೆಟ್ಟ, ಪಾಲು, ಮೃತ್ಯುಪತ್ರ, ನ್ಯಾಯಾಲಯ, ಜನನ ಮರಣ, ಶಾಲೆಯ ದಾಖಲೆ, ಪಿಂಚಣಿ, ವಿಮೆ, ಇವು ಯಾವತ್ತಿಗೂ ಇರಲಿ. ಆದಾಯ ತೆರಿಗೆಯ ಕಾಗದ ಎಂಟು ವರ್ಷ ಇಟ್ಟರೆ ಧೈರ್ಯ. ತೀರಿದ ಸಾಲದ ಕಂತಿನ ಚೀಟಿಗಳು ಬೇಡ, ಆದರೆ ಸಾಲ ತೀರಿದೆ ಅಂತ ಸೊಸೈಟಿ ಅಥವಾ ಬ್ಯಾಂಕು ಕೊಟ್ಟ ಪತ್ರ ಬೇಕು. ಕರೆಂಟ್ ಬಿಲ್, ಫೋನ್ ಬಿಲ್, ಅಂಗಡಿ ಚೀಟಿ ಒಂದು ವರ್ಷ ಆದ ಮೇಲೆ ಹೋಗಲಿ, ಆದರೆ ಅರಣ್ಯ ಹಕ್ಕಿನ ಅರ್ಜಿ ಹಾಕಿದ ಮನೆಯವರು ಹಳೇ ವರ್ಷಗಳ ಒಂದೆರಡು ಬಿಲ್ ಉಳಿಸಿಕೊಳ್ಳಿ. ಮದುವೆ ಆಮಂತ್ರಣ ಪತ್ರಿಕೆಗಳಲ್ಲಿ ನಿಮ್ಮ ಮನೆಯದ್ದು ಮಾತ್ರ ಸಾಕು. ಇತ್ತೀಚಿನ ಪಹಣಿ ಈಗ ಸರ್ಕಾರದ 'ಭೂಮಿ' ಜಾಲತಾಣದಲ್ಲೇ ಸಿಗುತ್ತದೆ, ಪ್ರತಿ ವರ್ಷದ್ದೂ ಹತ್ತು ಪ್ರತಿ ಬೇಡ. ಕೈಬರಹದ ಹಳೇ ಪಹಣಿ, ಸರ್ವೆ ನಕ್ಷೆ, ಕ್ರಯಪತ್ರ, ವಿಭಾಗ ಪತ್ರದ ಮೂಲ ಪ್ರತಿ ಬೇಕೇ ಬೇಕು.

ಹಳೇ ಮನೆಗಳಲ್ಲಿ ಓಲೆಗರಿ, ಕೈಬರಹದ ಯಕ್ಷಗಾನ ಪ್ರಸಂಗದ ಪುಸ್ತಕ, ಅಡಿಗೆ ಅಥವಾ ಔಷಧಿ ಬರೆದಿಟ್ಟ ವಹಿ ಸಿಗಬಹುದು. ಇವನ್ನು ಬಿಸಿಲಿಗೆ ಹಾಕಬೇಡಿ, ಎಣ್ಣೆ ಹಚ್ಚಬೇಡಿ, ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಟ್ಟು ತಿಳಿದವರಿಗೆ ತೋರಿಸಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಇಂಥ ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದಿದೆ. ಹಳೇ ಫೋಟೋಗಳೂ ಒಂದಕ್ಕೊಂದು ಅಂಟಿದ್ದರೆ ಕೀಳಲು ಹೋಗಬೇಡಿ. ಬಿಡಿ ಇರುವವನ್ನು ಮೊಬೈಲಿನಲ್ಲಿ ತೆಗೆದು, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ. ಅದರಲ್ಲಿ ಇರುವವರು ಯಾರು ಅಂತ ಹೇಳಬಲ್ಲ ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು.

ಶಾಲೆಯ ಹಳೇ ಗೈಡು, ಪತ್ರಿಕೆ ರದ್ದಿಗೆ. ಕಥೆ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಚೆನ್ನಾಗಿದ್ದರೆ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕೇಳಿ ನೋಡಿ.

ಹಿರಿಯರು ಇರುವ ಮನೆ, ಮಕ್ಕಳು ಇಲ್ಲದ ಮನೆ

ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಇಪ್ಪತ್ತು ಜನ ಇರಲು ಕಟ್ಟಿದ ಮನೆಯಲ್ಲಿ ಈಗ ಅಪ್ಪ, ಆಯಿ ಇಬ್ಬರೇ ಇದ್ದಾರೆ. ಮಕ್ಕಳು ಬೆಂಗಳೂರು, ಪುಣೆ ಸೇರಿ ಆಗಿದೆ. ಅವರು ಹಬ್ಬಕ್ಕೆ ಅಂತ ಮೂರು ದಿನ ಬಂದವರು ಉತ್ಸಾಹದಲ್ಲಿ ಆಯಿಯ ಉಗ್ರಾಣಕ್ಕೆ ನುಗ್ಗಿ ಇದೆಲ್ಲ ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳಿದರೆ ಆಯಿಗೆ ನೋವಾಗುತ್ತದೆ. ಆಗಲೇಬೇಕು. ಮನೆ ನಡೆಸುತ್ತಿರುವುದು ಅವರು. ಅವರು ಇಲ್ಲದಾಗ ಒಂದು ಲೋಟವನ್ನೂ ಹೊರಗೆ ಹಾಕಬೇಡಿ. ಒಂದು ಸಲ ಹಾಗೆ ಮಾಡಿದರೆ ಆಮೇಲೆ ಅವರು ನಿಮ್ಮ ಮುಂದೆ ಯಾವ ಪೆಟ್ಟಿಗೆಯನ್ನೂ ತೆಗೆಯುವುದಿಲ್ಲ.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. 'ಇದನ್ನು ಎಸೆಯೋಣವಾ?' ಅಂದರೆ ಬರುವ ಉತ್ತರ ಬೇಡ ಅಂತಲೇ. 'ಆಯಿ, ಇದನ್ನು ಯಾರಿಗೆ ಕೊಟ್ಟರೆ ಒಳ್ಳೆಯದು?' ಅಂತ ಕೇಳಿ ನೋಡಿ. ಅವರೇ ಯೋಚಿಸಿ, ಕೆಳಗಿನ ಕೇರಿಯಲ್ಲಿ ಇಂಥವರ ಮನೆಯಲ್ಲಿ ಬಾಣಂತಿ ಇದ್ದಾಳೆ, ಈ ತೊಟ್ಟಿಲು ಅವರಿಗೆ ಬೇಕಾಗಬಹುದು ಅನ್ನುತ್ತಾರೆ. ಅವರಿಗೆ ಸಾಮಾನು ಹೋಗುವುದರ ಬೇಸರಕ್ಕಿಂತ ಹಾಳಾಗುವುದರ ಬೇಸರ ದೊಡ್ಡದು. ಒಬ್ಬರ ಕೈಗೆ ಹೋಗುತ್ತದೆ ಅಂತ ಗೊತ್ತಾದರೆ ಸಂತೋಷದಿಂದ ಕೊಡುತ್ತಾರೆ. ನಾನು ಮೊದಲೇ ದಾರಿ ಗೊತ್ತು ಮಾಡಿಕೊಳ್ಳಿ ಅಂದದ್ದು ಇದಕ್ಕೇ.

ಮಕ್ಕಳ ಸಾಮಾನಿನ ಲೆಕ್ಕ ಮಕ್ಕಳೇ ಮುಗಿಸಬೇಕು. ಕಾಲೇಜಿನ ನೋಟ್ಸು, ಕ್ರಿಕೆಟ್ ಬ್ಯಾಟು, ಮದುವೆಯಾಗಿ ಹೋದ ಮಗಳ ಡ್ರೆಸ್ಸುಗಳು, ಬೆಂಗಳೂರಿನ ಬಾಡಿಗೆ ಮನೆ ಬದಲಿಸುವಾಗ ತಂದು ಹಾಕಿದ ಹಳೇ ಫ್ರಿಜ್ಜು. ತಂದೆ ತಾಯಿಯ ಮನೆ ಗೋದಾಮು ಅಲ್ಲ. ಮುಂದಿನ ಹಬ್ಬಕ್ಕೆ ಬಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮದನ್ನು ಒಂದು ಟ್ರಂಕಿಗೆ ಇಳಿಸಬೇಕು, ಉಳಿದದ್ದನ್ನು ತಾವೇ ಒಯ್ಯಬೇಕು ಅಥವಾ ತಾವೇ ವಿಲೇವಾರಿ ಮಾಡಬೇಕು ಅಂತ ಮೊದಲೇ ಫೋನಿನಲ್ಲಿ ಹೇಳಿಬಿಡಿ.

ಬೇಕಾಗಬಹುದು, ಬೇಡ ಆಗಬಹುದು ಅನ್ನುವ ಸಾಮಾನು ಎಲ್ಲ ಮನೆಯಲ್ಲೂ ಇರುತ್ತದೆ. ಅದರ ಮೇಲೆ ಹಟ ಬೇಡ. ಒಂದು ಪೆಟ್ಟಿಗೆಗೆ ತುಂಬಿ, ಮೇಲೆ ತಾರೀಕು ಬರೆದು ಮುಚ್ಚಿ. ಒಂದು ಮಳೆಗಾಲ, ಒಂದು ದೊಡ್ಡಹಬ್ಬ ದಾಟಿದರೂ ಯಾರೂ ಅದನ್ನು ಬಿಚ್ಚದಿದ್ದರೆ ಕೊಡುವ ಗುಂಪಿಗೆ ಸೇರಿಸಿ.

ಮುಟ್ಟುವ ಮೊದಲು ಯೋಚಿಸಬೇಕಾದವು

ತೋಟದ ಮನೆಯ ಹಿಂಬದಿಯಲ್ಲಿ ಹಳೇ ಕೀಟನಾಶಕದ ಡಬ್ಬಿ ಇದ್ದೇ ಇರುತ್ತದೆ. ಚೀಟಿ ಅಳಿಸಿ ಹೋದದ್ದನ್ನು ಬಿಚ್ಚಿ ಮೂಸಿ ನೋಡಬೇಡಿ. ಎಂಡೋಸಲ್ಫಾನ್ 2011ರಲ್ಲೇ ನಿಷೇಧ ಆಯಿತು, ಅದರಿಂದ ನರಳಿದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಇಂಥ ಡಬ್ಬಿಯನ್ನು ಹಳ್ಳಕ್ಕೆ, ಬಾವಿಯ ಹತ್ತಿರ, ಒಲೆಗೆ ಎಲ್ಲೂ ಹಾಕಬೇಡಿ. ಮುಚ್ಚಳ ಬಿಗಿಯಾಗಿಯೇ ಇರಲಿ, ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಇಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಖಾಲಿ ಕ್ಯಾನನ್ನು ತೊಳೆದು ಎಣ್ಣೆ, ಸೀಮೆಎಣ್ಣೆಗೆ ಬಳಸುವುದನ್ನು ಇವತ್ತೇ ನಿಲ್ಲಿಸಿ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಉಳಿದಿದ್ದರೆ ಹಾಳಾಗುವುದಿಲ್ಲ, ಒಣಗಿದ್ದರೆ ಮುಂದಿನ ಸಲಕ್ಕೆ ಬರುತ್ತದೆ, ಆದರೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಬೇಕು, ಕಬ್ಬಿಣದ ಡಬ್ಬಿಯನ್ನು ಅದು ತಿಂದುಹಾಕುತ್ತದೆ. ಸುಣ್ಣ ಹಾಗಲ್ಲ. ಗಾಳಿಗೆ ತೆರೆದು ಪುಡಿಯಾದ ಹಳೇ ಸುಣ್ಣ ದ್ರಾವಣಕ್ಕೆ ಬರುವುದಿಲ್ಲ, ತೋಟದ ಮಣ್ಣಿಗೆ ಹಾಕಿ ಜಾಗ ಮಾಡಿಕೊಳ್ಳಿ.

ಇನ್ವರ್ಟರ್ ಬ್ಯಾಟರಿಯಲ್ಲಿ ಸೀಸ, ಆಮ್ಲ ಇದೆ. ಹೊಸದು ತರುವಾಗ ಅದೇ ಅಂಗಡಿಗೆ ಹಳೆಯದನ್ನು ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಬಿಸಿಲಿಗೆ ಇಡಬೇಡಿ, ಬೆಂಕಿ ಹತ್ತುತ್ತದೆ. ಹಳೇ ಡಬ್ಬಿ ಟಿವಿಯ ಗಾಜಿನಲ್ಲಿ ಸೀಸ, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯದ ಹಾಗೆ ಬೇರೆಯೇ ಕೊಡಬೇಕು. ತಾರೀಕು ಮೀರಿದ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಚಹಾದ ಚರಟದ ಜೊತೆ ಕಲಸಿ, ಕೊಟ್ಟೆ ಕಟ್ಟಿ ಕಸದ ಗಾಡಿಗೆ ಹಾಕಿ, ಹಾಗೇ ಎಸೆದರೆ ದನ, ನಾಯಿ ತಿನ್ನುತ್ತವೆ. ಹರಿದ ನೈಲಾನ್ ಬಲೆ ಕಡಲಿಗೆ ಹೋಗಬಾರದು, ಅದು ಅಲ್ಲಿ ವರ್ಷಗಟ್ಟಲೆ ಮೀನು, ಆಮೆ ಹಿಡಿಯುತ್ತಲೇ ಇರುತ್ತದೆ. ತರಕಾರಿ ಮಡಿಗೆ, ಕೋಳಿ ಗೂಡಿಗೆ ಕೊಟ್ಟರೆ ಕೇಳಿ ಒಯ್ಯುತ್ತಾರೆ.

ಹಿತ್ತಲಿನ ಹಳೇ ಟೈರು, ಒಡೆದ ಬಕೆಟ್ಟು, ಕರಟದ ರಾಶಿ ಮಳೆಗೆ ಮೊದಲು ಹೋಗಲೇಬೇಕು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು.

ಉಳಿದದ್ದನ್ನು ಇಡುವ ರೀತಿ

ಹೊಸ ಪೆಟ್ಟಿಗೆ, ಹೊಸ ರ‍್ಯಾಕ್ ಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಎಷ್ಟು ಉಳಿಯಿತು ಅಂತ ನೋಡಿದ ಮೇಲೆ ಹೆಚ್ಚಾಗಿ ಅದರ ಅಗತ್ಯವೇ ಬರುವುದಿಲ್ಲ. ರಟ್ಟಿನ ಡಬ್ಬದಲ್ಲಿ ಏನನ್ನೂ ಇಡಬೇಡಿ, ಒರಲೆಗೆ ಅದು ಊಟ. ಸ್ಟೀಲ್ ಟ್ರಂಕು ಅಥವಾ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಕಾರವಾರ, ಕುಮಟಾ, ಹೊನ್ನಾವರದಂಥ ಸಮುದ್ರದ ಬದಿಯವರಿಗೆ ಪ್ಲಾಸ್ಟಿಕ್ಕೇ ವಾಸಿ, ಉಪ್ಪಿನ ಗಾಳಿಗೆ ತಗಡಿನ ಟ್ರಂಕು ತುಕ್ಕು ಹಿಡಿದು ಬಟ್ಟೆಗೆ ಕಲೆ ಹತ್ತುತ್ತದೆ. ಒಳಗೆ ಹೋಗುವ ಬಟ್ಟೆ, ಹಾಸಿಗೆ, ಕಂಬಳಿ ಎಲ್ಲ ಚೆನ್ನಾಗಿ ಬಿಸಿಲು ಕಂಡು, ಆಮೇಲೆ ನೆರಳಿನಲ್ಲಿ ತಣ್ಣಗಾಗಿ ಹೋಗಬೇಕು. ಪಸೆ ಇರುವಾಗಲೇ ಮುಚ್ಚಿದರೆ ಆಗಸ್ಟ್ ಹೊತ್ತಿಗೆ ಬೂಸ್ಟು ಗ್ಯಾರಂಟಿ. ಟ್ರಂಕನ್ನು ನೆಲಕ್ಕೆ ತಾಗಿಸದೆ ನಾಲ್ಕು ಚಿರೇಕಲ್ಲಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ, ಹಿಂದೆ ಕೈ ಹಾಕಿ ನೋಡುವಷ್ಟು ಜಾಗ ಇದ್ದರೆ ಒರಲೆ ಮಣ್ಣು ಏರಿದ್ದು ಬೇಗ ಕಾಣುತ್ತದೆ.

ಕಾಗದ ಪತ್ರದ ಪೆಟ್ಟಿಗೆ ಮಾತ್ರ ಅಟ್ಟಕ್ಕೆ ಹೋಗುವುದು ಬೇಡ. ಮಲಗುವ ಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿ, ಒಬ್ಬರೇ ಎತ್ತಿಕೊಂಡು ಹೊರಗೆ ಹೋಗುವಷ್ಟು ಹಗುರವಾಗಿ ಇರಲಿ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ, ನದಿಯ ಬದಿಯವರಿಗೆ ಆ ಹೊತ್ತಿನಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ. ಪ್ರತಿ ಪತ್ರವನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಮನೆಯ ಇಬ್ಬರಿಗೆ ಕಳಿಸಿಡಿ. ಯಾವ ಫೈಲಿನಲ್ಲಿ ಏನಿದೆ ಅಂತ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ, ಅದರ ಒಂದು ಪ್ರತಿ ದೂರದಲ್ಲಿರುವ ಮಗನ ಅಥವಾ ಮಗಳ ಹತ್ತಿರ ಇರಲಿ.